ತೇವವನ್ನು ತಡೆಯುವ ಪ್ಲಾಸ್ಟಿಕ್: ವಾಹನ ಬಿಡಿಭಾಗಗಳ ತಯಾರಿಕೆಯಲ್ಲಿ ನ್ಯಾನೊ ಜೇಡಿಮಣ್ಣು

ಬಳ್ಳಾರಿ ನಗರದ ಹೊರವಲಯದ ಹಲಕುಂದಿಯಿಂದ ಹಿಡಿದು ಕುರುಗೋಡು, ಸಿರುಗುಪ್ಪಗಳವರೆಗಿನ ಸೀಮೆಯಲ್ಲಿ ಎರೆ ಭೂಮಿಯ ಸ್ವಭಾವವನ್ನು ಅರಿಯದವರು ವಿರಳ. ಬೇಸಿಗೆಯಲ್ಲಿ ಕಾಲು ಸಿಲುಕುವಷ್ಟು ಅಗಲವಾಗಿ ಬಿರಿಯುವ ಈ ನೆಲ, ಮಳೆ ಬಿದ್ದೊಡನೆ ನೀರು ಹೀರಿ ಉಬ್ಬಿ ಬಿರುಕುಗಳನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ. ಹಿಂಗಾರಿನ ಬಿಳಿಜೋಳ ಮಳೆಯಿಲ್ಲದೆಯೂ ತೆನೆ ಕಟ್ಟುವುದು ಈ ಮಣ್ಣು ಹಿಡಿದಿಟ್ಟ ತೇವದಿಂದಲೇ. ಅಡಿಪಾಯ ಸರಿಯಿಲ್ಲದ ಮನೆಗಳ ಗೋಡೆ ಸೀಳುವುದೂ ಇದೇ ತೇವದ ಏರಿಳಿತದಿಂದ. ಇದಕ್ಕೆ ಕಾರಣ ಸ್ಮೆಕ್ಟೈಟ್ ಗುಂಪಿಗೆ ಸೇರಿದ ಖನಿಜಗಳು. ಆ ಗುಂಪಿನ ಪ್ರಮುಖ ಸದಸ್ಯ ಮಾಂಟ್‌ಮೊರಿಲೊನೈಟ್.

ನೀರನ್ನು ಕಂಡರೆ ಹೀಗೆ ಉಬ್ಬುವ ಖನಿಜವನ್ನೇ ಪ್ಲಾಸ್ಟಿಕ್ಕಿನೊಳಗೆ ಬೆರೆಸಿ, ಆ ಪ್ಲಾಸ್ಟಿಕ್ಕಿಗೆ ನೀರು ಇಳಿಯದಂತೆ ತಡೆಯಲಾಗುತ್ತದೆ ಎಂದರೆ ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಕಾರುಗಳ ಎಂಜಿನ್ ಹೊದಿಕೆ, ಬೆಲ್ಟ್ ಕವಚ, ಇಂಧನ ನಳಿಕೆ ಮುಂತಾದ ಬಿಡಿಭಾಗಗಳಿಗಾಗಿ ರೂಪುಗೊಂಡ ನ್ಯಾನೊ ಕಾಂಪೊಸಿಟ್ ಪ್ಲಾಸ್ಟಿಕ್‌ಗಳ ತತ್ವ ಇದೇ ಆಗಿದೆ. ಈ ತಂತ್ರ ಎಷ್ಟರಮಟ್ಟಿಗೆ ಫಲ ನೀಡುತ್ತದೆ, ಎಲ್ಲಿ ನೀಡುವುದಿಲ್ಲ, ಸಣ್ಣ ಉದ್ಯಮಿಯೊಬ್ಬ ಇದರಲ್ಲಿ ಹಣ ತೊಡಗಿಸುವ ಮುನ್ನ ಯಾವ ಅಂಶಗಳನ್ನು ಪರಿಶೀಲಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನೈಲಾನ್ ಮತ್ತು ನೀರು

ವಾಹನಗಳಲ್ಲಿ ಬಳಕೆಯಾಗುವ ಎಲ್ಲ ಪ್ಲಾಸ್ಟಿಕ್‌ಗಳಿಗೂ ತೇವದ ತೊಂದರೆ ಇಲ್ಲ. ಬಂಪರ್ ಹಾಗೂ ಬ್ಯಾಟರಿ ಪೆಟ್ಟಿಗೆಗಳಿಗೆ ಬಳಸುವ ಪಾಲಿಪ್ರೊಪಿಲೀನ್ ನೀರನ್ನು ಬಹುತೇಕ ಹೀರುವುದೇ ಇಲ್ಲ. ಅದರ ಹೀರಿಕೆ ಶೇ. 0.1ಕ್ಕಿಂತ ಕಡಿಮೆ. ತೊಂದರೆ ಇರುವುದು ಮುಖ್ಯವಾಗಿ ನೈಲಾನ್‌ನಲ್ಲಿ. ಶಾಖ, ಎಣ್ಣೆ ಮತ್ತು ಪೆಟ್ರೋಲನ್ನು ತಾಳಿಕೊಳ್ಳುವ ಗುಣದಿಂದಾಗಿ ಎಂಜಿನ್ ಕೋಣೆಯಲ್ಲಿ ನೈಲಾನ್‌ಗೆ ಅಗ್ರಸ್ಥಾನವಿದೆ. ಆದರೆ ಅದರ ಅಣುಸರಪಳಿಯಲ್ಲಿರುವ ಅಮೈಡ್ ಗುಂಪುಗಳು ನೀರಿನ ಅಣುಗಳನ್ನು ಜಲಜನಕ ಬಂಧದ ಮೂಲಕ ತಮ್ಮತ್ತ ಸೆಳೆದುಕೊಳ್ಳುತ್ತವೆ. ನೈಲಾನ್-6 ಸಾಧಾರಣ ಕೋಣೆಯ ಹವೆಯಲ್ಲಿ, ಅಂದರೆ 23 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಶೇ. 50ರ ಸಾಪೇಕ್ಷ ಆರ್ದ್ರತೆಯಲ್ಲಿ, ಕಾಲಕ್ರಮೇಣ ತನ್ನ ತೂಕದ ಸುಮಾರು ಶೇ. 2.7ರಷ್ಟು ನೀರನ್ನು ಸೇರಿಸಿಕೊಳ್ಳುತ್ತದೆ. ನೀರಿನಲ್ಲಿಯೇ ಮುಳುಗಿದ್ದರೆ ಈ ಪ್ರಮಾಣ ಶೇ. 9ನ್ನು ಮೀರಬಲ್ಲದು.

ಹೀಗೆ ಒಳಸೇರಿದ ನೀರು ಎರಡು ಬಗೆಯ ಪರಿಣಾಮಗಳನ್ನು ಉಂಟುಮಾಡುತ್ತದೆ. ಮೊದಲನೆಯದು ಮೆದುವಾಗುವಿಕೆ. ಒಣ ನೈಲಾನ್-6 ಗಾಜಿನಂತಹ ಬಿಗಿ ಸ್ಥಿತಿಯಿಂದ ಮೆತುಸ್ಥಿತಿಗೆ ತಿರುಗುವುದು ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೇವ ಹೆಚ್ಚಿದಂತೆ ಈ ತಿರುವು ಕೆಳಗಿಳಿಯುತ್ತ, ಪೂರ್ಣ ತೇವಗೊಂಡಾಗ ಸೊನ್ನೆ ಡಿಗ್ರಿಗಿಂತಲೂ ಕೆಳಕ್ಕೆ ಹೋಗುತ್ತದೆ. ಇದರ ಫಲವಾಗಿ ಸಾಧಾರಣ ಹವೆಯಲ್ಲಿ ತೇವ ಹೀರಿದ ನೈಲಾನ್‌ನ ಬಿಗಿತ ಒಣ ನೈಲಾನ್‌ನ ಬಿಗಿತದ ಮೂರನೇ ಒಂದು ಭಾಗದಷ್ಟಕ್ಕೆ ಕುಸಿಯಬಹುದು. ಇದರಲ್ಲಿ ಒಂದು ಒಳಿತೂ ಇದೆ: ಒಣ ನೈಲಾನ್ ಪೆಟ್ಟಿಗೆ ಸುಲಭವಾಗಿ ಒಡೆಯುತ್ತದೆ, ಅಲ್ಪ ತೇವವುಳ್ಳ ನೈಲಾನ್ ಪೆಟ್ಟನ್ನು ತಾಳಿಕೊಳ್ಳುತ್ತದೆ.

ಎರಡನೆಯದು ಅಳತೆಯ ಹಿಗ್ಗುವಿಕೆ. ಬಲವರ್ಧಕ ಬೆರೆಸದ ನೈಲಾನ್ ಪ್ರತಿ ಶೇ. 1ರಷ್ಟು ನೀರಿಗೆ ಉದ್ದದಲ್ಲಿ ಶೇ. 0.2ರಿಂದ 0.3ರಷ್ಟು ಬೆಳೆಯುತ್ತದೆ. ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. 200 ಮಿಲಿಮೀಟರ್ ಉದ್ದದ ಒಂದು ಕವಚವನ್ನು ಬಳ್ಳಾರಿಯ ಏಪ್ರಿಲ್ ತಿಂಗಳ ಒಣಹವೆಯಲ್ಲಿ ಅಚ್ಚು ಹಾಕಿ, ಅಂದೇ ಗೇಜಿನಲ್ಲಿ ಅಳೆದು, ಸರಿಯಾಗಿದೆಯೆಂದು ಪೆಟ್ಟಿಗೆಗೆ ತುಂಬಿ ಕಳುಹಿಸಲಾಯಿತೆಂದು ಭಾವಿಸೋಣ. ಅದೇ ಕವಚ ಮಂಗಳೂರಿನ ಗೋದಾಮಿನಲ್ಲಿ ಶೇ. 2.7ರಷ್ಟು ತೇವ ಹೀರಿದಾಗ ಅದರ ಉದ್ದ ಸುಮಾರು 1.1ರಿಂದ 1.6 ಮಿಲಿಮೀಟರ್ ಹೆಚ್ಚಿರುತ್ತದೆ. ಮುಂಗಾರಿನ ಕರಾವಳಿಯ ಆರ್ದ್ರತೆ ಶೇ. 50ಕ್ಕಿಂತ ಬಹಳ ಅಧಿಕವಾದುದರಿಂದ ಹಿಗ್ಗು ಇನ್ನೂ ಹೆಚ್ಚಬಹುದು. ಸ್ಕ್ರೂ ರಂಧ್ರಗಳ ನಡುವಣ ಅಂತರದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವನ್ನೂ ಒಪ್ಪದ ಗ್ರಾಹಕ ಸಂಸ್ಥೆಯು ಆ ಸರಕನ್ನು ಹಿಂದಿರುಗಿಸುತ್ತದೆ. ತಯಾರಕರ ದಾಖಲೆಯಲ್ಲಿ ಅಳತೆ ಸರಿಯಿದೆ, ಗ್ರಾಹಕರ ದಾಖಲೆಯಲ್ಲಿ ತಪ್ಪಿದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಡುವೆ ಬಂದು ಸೇರಿದ್ದು ನೀರು. ಸಾಲ ಮಾಡಿ ಮೋಲ್ಡಿಂಗ್ ಯಂತ್ರ ಹಾಕಿಸಿದ ಸಣ್ಣ ಘಟಕಕ್ಕೆ ಇಂತಹ ಒಂದು ಹಿಂದಿರುಗಿದ ಲಾಟ್ ವರ್ಷದ ಲಾಭವನ್ನು ನುಂಗಿಬಿಡಬಹುದು.

ಜಪಾನಿನ ಪ್ರಯೋಗ

1980ರ ದಶಕದ ಮಧ್ಯಭಾಗದಲ್ಲಿ ಜಪಾನಿನ ಟೊಯೊಟಾ ಕೇಂದ್ರೀಯ ಸಂಶೋಧನಾಲಯದಲ್ಲಿ ನೈಲಾನ್-6 ಮತ್ತು ಮಾಂಟ್‌ಮೊರಿಲೊನೈಟ್‌ಗಳನ್ನು ಕೂಡಿಸುವ ಪ್ರಯತ್ನ ಯಶಸ್ವಿಯಾಯಿತು. ಅರಿಮಿತ್ಸು ಉಸುಕಿ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ ಇದರ ವಿವರಗಳನ್ನು ಪ್ರಕಟಿಸಿದರು. 1990ರ ದಶಕದ ಆರಂಭದಲ್ಲಿಯೇ ಟೊಯೊಟಾ ಕಾರುಗಳ ಟೈಮಿಂಗ್ ಬೆಲ್ಟ್ ಕವಚ ಈ ವಸ್ತುವಿನಿಂದ ತಯಾರಾಯಿತು. ವಾಹನೋದ್ಯಮದಲ್ಲಿ ನ್ಯಾನೊ ಕಾಂಪೊಸಿಟ್‌ನ ಮೊದಲ ವಾಣಿಜ್ಯ ಬಳಕೆ ಎಂದು ಇದನ್ನು ಪರಿಗಣಿಸಲಾಗಿದೆ. ಅದೇ ಟೊಯೊಟಾ ಸಮೂಹವು ಕಿರ್ಲೋಸ್ಕರ್ ಸಮೂಹದ ಜೊತೆಗೂಡಿ 1997ರಲ್ಲಿ ಸ್ಥಾಪಿಸಿದ ಸಂಸ್ಥೆಯ ಕಾರ್ಖಾನೆ ಬೆಂಗಳೂರು ಸಮೀಪದ ಬಿಡದಿಯಲ್ಲಿದೆ ಎಂಬುದನ್ನು ಕರ್ನಾಟಕದ ಉದ್ಯಮಿಗಳು ಇಲ್ಲಿ ಸ್ಮರಿಸಬಹುದು.

ಟೊಯೊಟಾ ಸಂಶೋಧಕರ ಅಂಕಿಗಳು ಗಮನಾರ್ಹವಾಗಿವೆ. ತೂಕದಲ್ಲಿ ಕೇವಲ ಶೇ. 4.2ರಷ್ಟು ಜೇಡಿಮಣ್ಣು ಸೇರಿದಾಗ ನೈಲಾನ್-6ರ ಎಳೆತದ ಬಲ 69 ಮೆಗಾಪಾಸ್ಕಲ್‌ನಿಂದ 107 ಮೆಗಾಪಾಸ್ಕಲ್‌ಗೆ ಏರಿತು. ಬಿಗಿತ ಸುಮಾರು ಇಮ್ಮಡಿಯಾಯಿತು. ಹೊರೆಯ ಅಡಿಯಲ್ಲಿ ವಸ್ತು ಬಾಗತೊಡಗುವ ಉಷ್ಣತೆ 65 ಡಿಗ್ರಿಯಿಂದ 145 ಡಿಗ್ರಿ ಸೆಲ್ಸಿಯಸ್‌ಗೆ ಹೆಚ್ಚಿತು. ನೀರು ಹೀರುವ ಪ್ರಮಾಣ 23 ಡಿಗ್ರಿಯಲ್ಲಿ 24 ಗಂಟೆಗಳ ಪರೀಕ್ಷೆಯಲ್ಲಿ ಶೇ. 0.87ರಿಂದ ಶೇ. 0.51ಕ್ಕೆ ಇಳಿಯಿತು.

ಜಟಿಲ ಹಾದಿಯ ತತ್ವ

ಇಷ್ಟು ಅಲ್ಪ ಪ್ರಮಾಣದ ಮಣ್ಣು ಇಷ್ಟೊಂದು ಬದಲಾವಣೆ ತರುವುದಕ್ಕೆ ಕಾರಣ ಅದರ ಆಕಾರ. ಮಾಂಟ್‌ಮೊರಿಲೊನೈಟ್ ಹಾಳೆಗಳ ಕಟ್ಟಿನಂತಿದೆ. ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ; ಅಗಲವಾದರೋ ನೂರು ನ್ಯಾನೊಮೀಟರ್ ಹಾಗೂ ಅದಕ್ಕೂ ಹೆಚ್ಚು. ಹಾಳೆಗಳೆಲ್ಲ ಬಿಡಿಬಿಡಿಯಾದರೆ 1 ಗ್ರಾಂ ಮಣ್ಣಿನ ಮೇಲ್ಮೈ ವಿಸ್ತೀರ್ಣ 700 ಚದರ ಮೀಟರನ್ನು ಮೀರುತ್ತದೆ.

ಈ ಹಾಳೆಗಳು ನೀರನ್ನು ತಮ್ಮ ಮೂಲಕ ಹಾಯಲು ಬಿಡುವುದಿಲ್ಲ. ಆದ್ದರಿಂದ ಪ್ಲಾಸ್ಟಿಕ್ಕಿನೊಳಗೆ ಇಳಿಯುವ ನೀರಿನ ಅಣು ಪ್ರತಿಯೊಂದು ಹಾಳೆಯನ್ನೂ ಸುತ್ತಿ ಬಳಸಿ ಹೋಗಬೇಕಾಗುತ್ತದೆ. ನೇರ ದಾರಿ ಅಂಕುಡೊಂಕಾಗುತ್ತದೆ, ದೂರ ಹೆಚ್ಚುತ್ತದೆ, ವೇಳೆ ಹಿಡಿಯುತ್ತದೆ. ಇದನ್ನು ಲೆಕ್ಕ ಹಾಕುವ ಸರಳ ಸೂತ್ರವನ್ನು ನೀಲ್ಸನ್ ಎಂಬ ವಿಜ್ಞಾನಿ 1967ರಲ್ಲಿ ನೀಡಿದರು. ಹಾಳೆಯ ಅಗಲವನ್ನು ದಪ್ಪದ ಎರಡರಷ್ಟರಿಂದ ಭಾಗಿಸಿ, ಬಂದುದನ್ನು ಮಣ್ಣಿನ ಗಾತ್ರಾಂಶದಿಂದ ಗುಣಿಸಿ, ಅದಕ್ಕೆ 1ನ್ನು ಕೂಡಿಸಬೇಕು. ದಾರಿ ಎಷ್ಟು ಪಟ್ಟು ಉದ್ದವಾಯಿತೆಂಬುದನ್ನು ಇದು ತಿಳಿಸುತ್ತದೆ. ಅಗಲವು ದಪ್ಪದ 100 ಪಟ್ಟಿದ್ದು, ಮಣ್ಣು ಗಾತ್ರದಲ್ಲಿ ಶೇ. 2ರಷ್ಟಿದ್ದರೆ, 50ನ್ನು 0.02ರಿಂದ ಗುಣಿಸಿದಾಗ 1 ಬರುತ್ತದೆ, ಕೂಡಿಸಿದಾಗ 2. ಅಂದರೆ ದಾರಿ ಇಮ್ಮಡಿಯಾಗಿ, ನೀರು ಹಾಯುವ ವೇಗ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಜೇಡಿಮಣ್ಣು ನೈಲಾನ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಭಾರವಾದುದರಿಂದ ತೂಕದ ಶೇ. 4.2 ಗಾತ್ರದಲ್ಲಿ ಶೇ. 2ಕ್ಕಿಂತ ತುಸು ಕಡಿಮೆಯಾಗುತ್ತದೆ.

ಈ ಲೆಕ್ಕ ಹಾಳೆಗಳೆಲ್ಲ ಬಿಡಿಯಾಗಿ, ನೀರಿನ ದಾರಿಗೆ ಅಡ್ಡಲಾಗಿ ಮಲಗಿವೆ ಎಂಬ ಆದರ್ಶ ಸ್ಥಿತಿಗೆ ಅನ್ವಯಿಸುತ್ತದೆ. ಹಾಳೆಗಳು ಬಿಡಿಯಾಗದೆ ಹತ್ತರ ಕಟ್ಟುಗಳಾಗಿ ಉಳಿದರೆ ಅಗಲ ಮತ್ತು ದಪ್ಪಗಳ ಅನುಪಾತ 100ರಿಂದ 10ಕ್ಕೆ ಇಳಿಯುತ್ತದೆ. ಆಗ ಅದೇ ಸೂತ್ರದಂತೆ ದಾರಿ ಹೆಚ್ಚುವುದು ಹತ್ತರಲ್ಲಿ ಒಂದು ಭಾಗ ಮಾತ್ರ. ವೆಚ್ಚ ಅಷ್ಟೇ, ಫಲ ಅತ್ಯಲ್ಪ. ಈ ಉದ್ಯಮದ ಕಷ್ಟವೆಲ್ಲ ಹಾಳೆ ಬಿಡಿಸುವ ಈ ಒಂದು ಕೆಲಸದಲ್ಲಿಯೇ ಅಡಗಿದೆ.

ಮಣ್ಣನ್ನು ಪ್ಲಾಸ್ಟಿಕ್ಕಿಗೆ ಒಗ್ಗಿಸುವುದು

ಸಹಜ ಸ್ಥಿತಿಯಲ್ಲಿ ಮಾಂಟ್‌ಮೊರಿಲೊನೈಟ್ ಹಾಳೆಗಳ ನಡುವೆ ಸೋಡಿಯಂ ಅಥವಾ ಕ್ಯಾಲ್ಸಿಯಂ ಅಯಾನುಗಳಿರುತ್ತವೆ. ಇವು ನೀರನ್ನು ಸೆಳೆಯುತ್ತವೆ, ಪ್ಲಾಸ್ಟಿಕ್ಕನ್ನು ದೂರವಿಡುತ್ತವೆ. ಆದಕಾರಣ ಈ ಅಯಾನುಗಳನ್ನು ತೆಗೆದು, ಆ ಸ್ಥಳದಲ್ಲಿ ಉದ್ದನೆಯ ಇಂಗಾಲದ ಬಾಲವುಳ್ಳ ಅಮೋನಿಯಂ ಸಂಯುಕ್ತಗಳನ್ನು ಕೂರಿಸಲಾಗುತ್ತದೆ. ಹಾಳೆಗಳ ಅಂತರ ಹಿಗ್ಗುತ್ತದೆ. ನೀರಿನ ಬಂಧುವಾಗಿದ್ದ ಮಣ್ಣು ಎಣ್ಣೆಯ ಬಂಧುವಾಗುತ್ತದೆ. ಟೊಯೊಟಾ ಸಂಶೋಧಕರು ಇಂತಹ ಸಂಸ್ಕರಿತ ಮಣ್ಣಿನ ಹಾಳೆಗಳ ನಡುವೆ ನೈಲಾನ್‌ನ ಮೂಲವಸ್ತು ಕ್ಯಾಪ್ರೊಲ್ಯಾಕ್ಟಂ ಅನ್ನು ನುಗ್ಗಿಸಿ, ಅಲ್ಲಿಯೇ ಅದು ನೈಲಾನ್ ಆಗಿ ಬೆಳೆಯುವಂತೆ ಮಾಡಿದರು. ಬೆಳೆದ ಸರಪಳಿಗಳು ಹಾಳೆಗಳನ್ನು ತಾವೇ ದೂರ ತಳ್ಳಿದವು.

ಈ ವಿಧಾನ ದೊಡ್ಡ ರಾಸಾಯನಿಕ ಕಾರ್ಖಾನೆಗಳಿಗೆ ಮಾತ್ರ ಸಾಧ್ಯ. ಮಧ್ಯಮ ಪ್ರಮಾಣದ ಘಟಕಗಳಿಗೆ ಉಳಿದ ಮಾರ್ಗವೆಂದರೆ ಜೋಡಿ ತಿರುಪಿನ ಎಕ್ಸ್‌ಟ್ರೂಡರ್‌ನಲ್ಲಿ ಕರಗಿದ ನೈಲಾನ್‌ಗೆ ಸಂಸ್ಕರಿತ ಮಣ್ಣನ್ನು ಬೆರೆಸುವುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಾಮಾನ್ಯ ಅಮೋನಿಯಂ ಸಂಯುಕ್ತಗಳು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಿಂದಲೇ ಒಡೆಯತೊಡಗುತ್ತವೆ. ನೈಲಾನ್-6ನ್ನು ಸಂಸ್ಕರಿಸುವುದು 230ರಿಂದ 260 ಡಿಗ್ರಿಯಲ್ಲಿ. ಕರಗಿದ ಮಿಶ್ರಣ ಬ್ಯಾರೆಲ್‌ನಲ್ಲಿ ಹೆಚ್ಚು ಹೊತ್ತು ನಿಂತರೆ ಬಣ್ಣ ಕೆಡುತ್ತದೆ, ಹಾಳೆಗಳು ಮತ್ತೆ ಕೂಡಿಕೊಳ್ಳುತ್ತವೆ.

ಪಾಲಿಪ್ರೊಪಿಲೀನ್ ಗುಂಪಿನ ಪ್ಲಾಸ್ಟಿಕ್‌ಗಳಲ್ಲಿ ಇಂತಹ ಮಣ್ಣನ್ನು ಬೆರೆಸುವ ಉದ್ದೇಶವೇ ಬೇರೆ. ಅಲ್ಲಿ ತೇವದ ಪ್ರಶ್ನೆ ಇಲ್ಲ. ಕಡಿಮೆ ತೂಕದಲ್ಲಿ ಬಿಗಿತ ಮತ್ತು ಅಳತೆಯ ಸ್ಥಿರತೆ ಪಡೆಯುವುದು ಗುರಿ. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು 2002ರಲ್ಲಿ ಸಫಾರಿ ಮತ್ತು ಆಸ್ಟ್ರೊ ವ್ಯಾನ್‌ಗಳ ಕಾಲ್ಮೆಟ್ಟಿಲನ್ನು, 2004ರಲ್ಲಿ ಇಂಪಾಲ ಕಾರಿನ ಪಕ್ಕದ ಪಟ್ಟಿಯನ್ನು ಈ ಬಗೆಯ ವಸ್ತುವಿನಿಂದ ಮಾಡಿಸಿತು.

ತಡೆಯೋ, ವಿಳಂಬವೋ?

ಈ ವಿಷಯದಲ್ಲಿ ಅತ್ಯಂತ ಮುಖ್ಯವಾದ, ಆದರೆ ಮಾರಾಟದ ಕರಪತ್ರಗಳಲ್ಲಿ ಎದ್ದುಕಾಣದ ಅಂಶವೊಂದಿದೆ. ಜೇಡಿಮಣ್ಣಿನ ಹಾಳೆಗಳು ನೀರಿನ ಪ್ರವೇಶವನ್ನು ವಿಳಂಬಗೊಳಿಸುತ್ತವೆಯೇ ಹೊರತು ನೈಲಾನ್‌ನ ಬಾಯಾರಿಕೆಯನ್ನು ಇಂಗಿಸುವುದಿಲ್ಲ. ಅಮೈಡ್ ಗುಂಪುಗಳು ಅಲ್ಲಿಯೇ ಇವೆ. ಸಾಕಷ್ಟು ಕಾಲ ತೇವದಲ್ಲಿಟ್ಟರೆ ನ್ಯಾನೊ ಕಾಂಪೊಸಿಟ್ ಕೂಡ ಸಾದಾ ನೈಲಾನ್‌ನ ಸಮೀಪದ ಪ್ರಮಾಣಕ್ಕೇ ಬಂದು ನಿಲ್ಲುತ್ತದೆ. ಮೇಲೆ ತಿಳಿಸಿದ ಶೇ. 0.87 ಮತ್ತು ಶೇ. 0.51 ಎಂಬ ಅಂಕಿಗಳು ಒಂದು ದಿನದ ಹೀರಿಕೆಯವು, ವರ್ಷದವಲ್ಲ.

ಹಾಗಾದರೆ ಪ್ರಯೋಜನವೇನು ಎಂಬ ಪ್ರಶ್ನೆ ಸಹಜ. ತೇವವು ಬಂದು ಹೋಗುವಂತಹ ಕಡೆ ಪ್ರಯೋಜನ ನಿಜಕ್ಕೂ ಇದೆ. ವಸ್ತುವಿನೊಳಗೆ ನೀರು ಸಮನಾಗಿ ಹರಡಲು ಬೇಕಾಗುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ದಪ್ಪ ಇಮ್ಮಡಿಯಾದರೆ ಕಾಲ ನಾಲ್ಮಡಿ. ಮೂರು ತಿಂಗಳಲ್ಲಿ ತೇವ ತುಂಬಿಕೊಳ್ಳಬೇಕಾದ ಭಾಗಕ್ಕೆ ಆರು ತಿಂಗಳು ಹಿಡಿಯುವಂತಾದರೆ, ಅಷ್ಟರಲ್ಲಿ ಮಳೆಗಾಲವೇ ಮುಗಿದು ಭಾಗವು ಮತ್ತೆ ಒಣಗತೊಡಗುತ್ತದೆ. ಎಂಜಿನ್ನಿನ ಬಿಸಿಯಿಂದ ಆಗಾಗ ಒಣಗುವ ಕವಚಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮೇಲಾಗಿ, ತೇವಗೊಂಡ ನಂತರವೂ ಹಾಳೆಗಳ ಬಲದಿಂದಾಗಿ ವಸ್ತು ಸಾದಾ ನೈಲಾನ್‌ಗಿಂತ ಬಿಗಿಯಾಗಿರುತ್ತದೆ. ಇಂಧನ ನಳಿಕೆಗಳಲ್ಲಿ ಪೆಟ್ರೋಲ್ ಆವಿ ಸೋರುವುದನ್ನು ತಗ್ಗಿಸಲೂ ಇದೇ ಜಟಿಲ ಹಾದಿ ನೆರವಾಗುತ್ತದೆ. ಆದರೆ ಸದಾ ನೀರು ತಾಗುವ ಭಾಗಗಳಿಗೆ ಕೇವಲ ನ್ಯಾನೊ ಮಣ್ಣನ್ನು ನಂಬಿ ಅಳತೆ ನಿಗದಿಪಡಿಸುವುದು ಸರಿಯಲ್ಲ. ಹತ್ತು ಹದಿನೈದು ವರ್ಷ ಬಾಳಬೇಕಾದ ಬಿಡಿಭಾಗದ ವಿನ್ಯಾಸವನ್ನು ಅಂತಿಮ ತೇವಸ್ಥಿತಿಯ ಲೆಕ್ಕದಲ್ಲಿಯೇ ಮಾಡಬೇಕು.

ಪರ್ಯಾಯಗಳೊಡನೆ ಹೋಲಿಕೆ

ಮಾರುಕಟ್ಟೆಯಲ್ಲಿ ನ್ಯಾನೊ ಕಾಂಪೊಸಿಟ್‌ಗೆ ಪ್ರಬಲ ಪೈಪೋಟಿ ಇದೆ. ಶೇ. 30ರಷ್ಟು ಗಾಜಿನ ನಾರು ಬೆರೆಸಿದ ನೈಲಾನ್-6 ಹಲವು ಪಟ್ಟು ಬಿಗಿಯಾದುದು, ಸುಲಭವಾಗಿ ದೊರೆಯುವಂತಹುದು. ನೈಲಾನ್ ಅಂಶವೇ ಕಡಿಮೆಯಾಗುವುದರಿಂದ ಹೀರಿಕೆಯೂ ತಗ್ಗುತ್ತದೆ. ಆದರೆ ಅದರ ಸಾಂದ್ರತೆ 1.36, ನ್ಯಾನೊ ಕಾಂಪೊಸಿಟ್‌ನದು ಸುಮಾರು 1.15. ಗಾಜಿನ ನಾರಿನಿಂದ 136 ಗ್ರಾಂ ತೂಗುವ ಭಾಗ ಅದೇ ಗಾತ್ರದಲ್ಲಿ 115 ಗ್ರಾಂಗೆ ಇಳಿಯುತ್ತದೆ. ಭಾರ ಹೊರುವ ಭಾಗಗಳಿಗೆ ಗಾಜಿನ ನಾರು, ಹೊರೆಯಿಲ್ಲದ ತೆಳುವಾದ ಕವಚಗಳಿಗೆ ನ್ಯಾನೊ ಎಂಬ ವಿಂಗಡಣೆ ಯುಕ್ತವಾದುದು. ನೈಲಾನ್-12 ನೀರಿನಲ್ಲಿ ಮುಳುಗಿದ್ದರೂ ಸುಮಾರು ಶೇ. 1.5ನ್ನಷ್ಟೇ ಹೀರುತ್ತದೆ, ಆದರೆ ಬೆಲೆ ಅಧಿಕ. ವಿದ್ಯುತ್ ಕನೆಕ್ಟರ್‌ಗಳಿಗೆ ಬಳಸುವ ಪಿಬಿಟಿ ಪ್ಲಾಸ್ಟಿಕ್ ನೀರನ್ನು ಅತ್ಯಲ್ಪ ಹೀರುತ್ತದಾದರೂ ಬಿಸಿ ತೇವದಲ್ಲಿ ಅದರ ಸರಪಳಿಯೇ ತುಂಡಾಗುವ ಅಪಾಯವಿದೆ. ಶಾಖ ಹೆಚ್ಚಿಲ್ಲದ ಸ್ಥಳದಲ್ಲಿ ಪಾಲಿಪ್ರೊಪಿಲೀನ್ ಸಾಕಾಗುವುದಾದರೆ ಬೇರೆ ಯಾವುದರ ಅಗತ್ಯವೂ ಇಲ್ಲ.

ಬಳ್ಳಾರಿಯ ಎರೆ ಮಣ್ಣು ಉಪಯುಕ್ತವೇ?

ಉದ್ಯಮಾಸಕ್ತರಲ್ಲಿ ಈ ಪ್ರಶ್ನೆ ಮೂಡುವುದು ಸ್ವಾಭಾವಿಕ. ಎರೆ ಮಣ್ಣಿನಲ್ಲಿ ಸ್ಮೆಕ್ಟೈಟ್ ಇರುವುದು ನಿಜ. ಆದರೆ ಅದರೊಡನೆ ಮರಳು, ಸುಣ್ಣದ ಹರಳು, ಕಬ್ಬಿಣದ ಆಕ್ಸೈಡ್ ಹಾಗೂ ಸಾವಯವ ಅಂಶಗಳು ಬೆರೆತಿವೆ. ಹಾಳೆಗಳ ನಡುವಣ ಅಯಾನು ಹೆಚ್ಚಾಗಿ ಕ್ಯಾಲ್ಸಿಯಂ. ಇದನ್ನು ಶುದ್ಧೀಕರಿಸುವ ವೆಚ್ಚವೇ ಬೆಲೆಯನ್ನು ಮೀರುತ್ತದೆ. ಉದ್ಯಮಕ್ಕೆ ಬೇಕಾದ ಮಾಂಟ್‌ಮೊರಿಲೊನೈಟ್ ದೊರೆಯುವುದು ಬೆಂಟೊನೈಟ್ ನಿಕ್ಷೇಪಗಳಿಂದ. ಭಾರತದಲ್ಲಿ ಇವು ಮುಖ್ಯವಾಗಿ ಗುಜರಾತಿನ ಕಚ್ ಹಾಗೂ ರಾಜಸ್ಥಾನದ ಬಾರ್ಮೇರ್ ಪ್ರದೇಶಗಳಲ್ಲಿವೆ. ಅದಿರಿನ ಪುಡಿಯನ್ನು ಉಂಡೆ ಕಟ್ಟಲು ಬೆಂಟೊನೈಟ್ ಬಳಸುವುದರಿಂದ ತೋರಣಗಲ್ಲು ಭಾಗದ ಉಕ್ಕು ಉದ್ಯಮಕ್ಕೆ ಈ ಹೆಸರು ಹೊಸತಲ್ಲ. ಆದರೆ ಆ ದರ್ಜೆಯ ಬೆಂಟೊನೈಟ್ ನೇರವಾಗಿ ಪ್ಲಾಸ್ಟಿಕ್ಕಿಗೆ ಸಲ್ಲದು. ಎರೆ ಹೊಲದ ಮೇಲ್ಮಣ್ಣು ಬೆಳೆಗೆ ಮೀಸಲಾದುದು. 1954ರಿಂದ ಬಳ್ಳಾರಿಯಲ್ಲಿರುವ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ದಶಕಗಳ ಕಾಲ ಶ್ರಮಿಸಿರುವುದು ಈ ಭಾಗದ ಕಪ್ಪು ಮಣ್ಣು ಕೊಚ್ಚಿಹೋಗದಂತೆ ಉಳಿಸಿಕೊಳ್ಳಲು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಸಣ್ಣ ಘಟಕಗಳು ಪುಡಿ ರೂಪದ ನ್ಯಾನೊ ಮಣ್ಣನ್ನು ಕೊಳ್ಳದೆ, ಸಿದ್ಧ ಕಾಂಪೌಂಡ್ ಅಥವಾ ಮಾಸ್ಟರ್‌ಬ್ಯಾಚ್ ಹರಳುಗಳನ್ನೇ ಕೊಳ್ಳುವುದು ಲೇಸು. ಹಾಳೆ ಬಿಡಿಸುವ ಕಷ್ಟ ಇದರಿಂದ ತಪ್ಪುತ್ತದೆ. ಸೂಕ್ಷ್ಮ ಧೂಳು ಕಾರ್ಮಿಕರ ಶ್ವಾಸಕೋಶ ಸೇರುವುದೂ ತಪ್ಪುತ್ತದೆ. ಬೆಂಟೊನೈಟ್‌ನಲ್ಲಿ ಸ್ಫಟಿಕ ಸಿಲಿಕಾ ಅಂಶ ಇರಬಹುದಾದುದರಿಂದ ಪುಡಿಯನ್ನು ಬಳಸಲೇಬೇಕಾದರೆ ಧೂಳು ಹೀರುವ ವ್ಯವಸ್ಥೆ ಮತ್ತು ಮುಖಗವಸು ಕಡ್ಡಾಯವಾಗಬೇಕು.

ಎರಡನೆಯದಾಗಿ, ಹರಳುಗಳನ್ನು ಒಣಗಿಸುವುದು. ಮೋಲ್ಡಿಂಗ್‌ಗೆ ಮುನ್ನ ನೈಲಾನ್‌ನ ತೇವ ಶೇ. 0.2ಕ್ಕಿಂತ ಕಡಿಮೆಯಿರಬೇಕು. ತೇವರಹಿತ ಗಾಳಿಯ ಡ್ರೈಯರ್‌ನಲ್ಲಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 4ರಿಂದ 6 ಗಂಟೆ ಒಣಗಿಸುವುದು ರೂಢಿ. ಉಷ್ಣತೆ ಇನ್ನೂ ಹೆಚ್ಚಿದರೆ ಹರಳು ಹಳದಿಯಾಗುತ್ತದೆ. ಭಾಗದ ಮೈಮೇಲೆ ಬೆಳ್ಳಿಗೆರೆಗಳು ಕಂಡರೆ ಹರಳಿನಲ್ಲಿ ತೇವ ಉಳಿದಿರಬಹುದೆಂದು ಮೊದಲು ಶಂಕಿಸಬೇಕು. ಬಳ್ಳಾರಿಯ ಹವೆ ಒಣದೆಂಬ ಭರವಸೆಯಿಂದ ತೆರೆದ ಚೀಲವನ್ನು ಹಾಗೆಯೇ ಬಿಡಬಾರದು.

ಮೂರನೆಯದಾಗಿ, ಅಳತೆಯ ಒಪ್ಪಂದ. ಅಳತೆ ತೆಗೆಯಬೇಕಾದುದು ಒಣ ಸ್ಥಿತಿಯಲ್ಲೋ, ತೇವ ಹೊಂದಿಸಿದ ಸ್ಥಿತಿಯಲ್ಲೋ ಎಂಬುದನ್ನು ಆದೇಶ ಪಡೆಯುವಾಗಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. 70 ಡಿಗ್ರಿ ಸೆಲ್ಸಿಯಸ್ ಹಾಗೂ ಶೇ. 62ರ ಆರ್ದ್ರತೆಯಲ್ಲಿರಿಸಿ ಶೀಘ್ರವಾಗಿ ತೇವ ಹೊಂದಿಸುವ ಕ್ರಮವನ್ನು ಐಎಸ್‌ಒ 1110 ಮಾನದಂಡ ನಿರೂಪಿಸಿದೆ. ನೀರು ಹೀರಿಕೆಯ ಪರೀಕ್ಷೆಗೆ ಐಎಸ್‌ಒ 62 ಇದೆ. ಹಿಂದಿರುಗುವ ಸರಕಿನ ವಿವಾದಗಳಲ್ಲಿ ಹಲವನ್ನು ಈ ಒಂದು ಸಾಲಿನ ಷರತ್ತು ತಪ್ಪಿಸಬಲ್ಲದು.

ನಾಲ್ಕನೆಯದಾಗಿ, ಪೂರೈಕೆದಾರರ ಹೇಳಿಕೆಯನ್ನು ಪರೀಕ್ಷಿಸಬೇಕು. ಒಂದೇ ಅಚ್ಚಿನಲ್ಲಿ ತೆಗೆದ ಸಾದಾ ಮತ್ತು ನ್ಯಾನೊ ತುಂಡುಗಳನ್ನು ಒಣಗಿಸಿ ತೂಗಿ, 23 ಡಿಗ್ರಿಯ ನೀರಿನಲ್ಲಿ ಮುಳುಗಿಸಿಟ್ಟು, ಒಂದು ದಿನ, ಒಂದು ವಾರ, ಒಂದು ತಿಂಗಳ ನಂತರ ಮತ್ತೆ ತೂಗಬೇಕು. ಮಿಲಿಗ್ರಾಂ ತೋರುವ ತಕ್ಕಡಿಯೊಂದಿದ್ದರೆ ಇದು ಕಾರ್ಖಾನೆಯಲ್ಲಿಯೇ ಸಾಧ್ಯ. ಒಂದು ದಿನದ ವ್ಯತ್ಯಾಸ ತಿಂಗಳಿಗೆ ಎಷ್ಟು ಉಳಿಯಿತೆಂಬುದೇ ವಿಳಂಬಕ್ಕೂ ತಡೆಗೂ ಇರುವ ಅಂತರವನ್ನು ತೋರಿಸಿಕೊಡುತ್ತದೆ. ಹಾಳೆಗಳು ಬಿಡಿಯಾಗಿವೆಯೇ ಎಂಬುದನ್ನು ತಿಳಿಯಲು ಎಕ್ಸ್-ಕಿರಣ ವಿವರ್ತನೆ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆಗಳು ಬೇಕಾಗುತ್ತವೆ. ಪ್ಲಾಸ್ಟಿಕ್ ಪರೀಕ್ಷೆ ಹಾಗೂ ತರಬೇತಿಗೆ ಮೈಸೂರಿನ ಸಿಪೆಟ್ ಕೇಂದ್ರವನ್ನು ಸಂಪರ್ಕಿಸಬಹುದು.

ಉಪಸಂಹಾರ

ನ್ಯಾನೊ ಎಂಬ ಪದವು 2000ದ ದಶಕದಲ್ಲಿ ಮೂಡಿಸಿದ ನಿರೀಕ್ಷೆಗಳೆಲ್ಲ ವಾಹನೋದ್ಯಮದಲ್ಲಿ ಈಡೇರಿಲ್ಲ. ಹಾಳೆ ಬಿಡಿಸುವ ಕಷ್ಟ, ಬೆಲೆ ಮತ್ತು ಗಾಜಿನ ನಾರಿನ ಪೈಪೋಟಿಗಳು ಅದರ ಬಳಕೆಯನ್ನು ಆಯ್ದ ಭಾಗಗಳಿಗೆ ಸೀಮಿತಗೊಳಿಸಿವೆ. ಆದರೂ ತೆಳುವಾದ, ಹಗುರವಾದ, ಬಿಸಿ ತಾಳಬೇಕಾದ ಕವಚಗಳಿಗೆ ಇದು ಪರೀಕ್ಷೆಗೆ ನಿಂತ ವಸ್ತು. ಬಳ್ಳಾರಿ ಸೀಮೆಯ ಉದ್ಯಮಿಯು ಇದನ್ನು ಕೈಗೆತ್ತಿಕೊಳ್ಳುವುದಾಗಲಿ ಬಿಡುವುದಾಗಲಿ, ತೂಕ ಮಾಡಿ ನೋಡಿದ ಅಂಕಿಗಳ ಆಧಾರದ ಮೇಲೆ ನಡೆಯಬೇಕು. ವಸ್ತು ಯಾವುದೇ ಇರಲಿ, ಹರಳನ್ನು ಒಣಗಿಸಿ ಅಚ್ಚಿಗೆ ಹಾಕುವ, ತೇವ ಹೊಂದಿಸಿ ಅಳೆಯುವ, ಅಳತೆಯ ಸ್ಥಿತಿಯನ್ನು ಒಪ್ಪಂದದಲ್ಲಿ ಬರೆಸಿಕೊಳ್ಳುವ ಶಿಸ್ತು ಇರುವ ಘಟಕದ ಸರಕು ಮುಂಗಾರಿನಲ್ಲಿಯೂ ಹಿಂದಿರುಗಿ ಬರುವ ಸಂಭವ ಕಡಿಮೆ.